ನಿಂತ ಸೌರ ಕೈಗಡಿಯಾರ: ಮಾರುವ ಮುನ್ನ ಅರಿಯಬೇಕಾದ ಸಂಗತಿಗಳು

ಅನಮೋಡ (ಜೋಯಿಡಾ ತಾಲ್ಲೂಕು): ಬೆಳಗಾವಿಯಿಂದ ಪಣಜಿಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 748 ಕರ್ನಾಟಕವನ್ನು ಬಿಟ್ಟು ಗೋವೆಯ ಕಡೆಗೆ ಘಟ್ಟ ಇಳಿಯುವುದು ಅನಮೋಡದಲ್ಲಿ. ಸುತ್ತ ದಟ್ಟ ಕಾಡು, ರಸ್ತೆಯಂಚಿಗೆ ಅಬಕಾರಿ ತಪಾಸಣಾ ಠಾಣೆ, ಮುಂಗಾರಿನ ನಾಲ್ಕು ತಿಂಗಳು ಎಡೆಬಿಡದ ಮಳೆ. ನೆರೆಯ ಕ್ಯಾಸಲ್‌ರಾಕ್ ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು. ಇಂಥ ಸೀಮೆಯಲ್ಲಿ ಜೂನ್ ತಿಂಗಳಿನಲ್ಲಿ ಟ್ರಂಕಿನೊಳಗೆ ಸೇರಿದ ಹಳೆಯ ಸೌರ ಕೈಗಡಿಯಾರವನ್ನು ದಸರೆಯ ಹೊತ್ತಿಗೆ ಹೊರತೆಗೆದರೆ ಅದು ನಿಂತಿರುತ್ತದೆ. ಮನೆಯವರು ಎರಡು ಸಲ ಅಲುಗಾಡಿಸಿ ನೋಡುತ್ತಾರೆ. ‘ಕೆಟ್ಟಿದೆ’ ಎಂದು ತೀರ್ಮಾನಿಸುತ್ತಾರೆ. ಮುಂದಿನ ದಾರಿ ಎರಡೇ: ಒಂದೋ ಮತ್ತೆ ಟ್ರಂಕಿಗೆ, ಇಲ್ಲವೇ ‘ರಿಪೇರಿಗೆ ಅಥವಾ ಬಿಡಿಭಾಗಕ್ಕೆ’ ಎಂಬ ಮಾತಿನೊಂದಿಗೆ ಮಾರಾಟಕ್ಕೆ.

ತೊಂದರೆ ಇರುವುದು ‘ನಿಂತಿದೆ’ ಎಂಬ ಆ ಒಂದು ಪದದಲ್ಲಿ. ಸೌರ ಕೈಗಡಿಯಾರದ ಮಟ್ಟಿಗೆ ಅದಕ್ಕೆ ಮೂರು ಅರ್ಥಗಳುಂಟು. ಬೆಳಕಿಲ್ಲದೆ ಬಳಲಿರಬಹುದು, ಒಳಗಿನ ಸೆಲ್ ಮುದಿಯಾಗಿರಬಹುದು, ಇಲ್ಲವೇ ಯಂತ್ರವೇ ಸತ್ತಿರಬಹುದು. ಮೂರಕ್ಕೂ ಬೆಲೆ ಬೇರೆ ಬೇರೆ. ಮೊದಲನೆಯದನ್ನು ಮೂರನೆಯದೆಂದು ಮಾರಿದವರು ತಾವೇ ಮೋಸಹೋಗುತ್ತಾರೆ. ಮೂರನೆಯದನ್ನು ಎರಡನೆಯದೆಂದು ಮಾರಿದವರು ಬೇರೊಬ್ಬರನ್ನು ಮೋಸಗೊಳಿಸುತ್ತಾರೆ. ಹಳೆಯ ವಾಚುಗಳ ಮಾರುಕಟ್ಟೆಯಲ್ಲಿ ‘ಒಂದು ಸೆಲ್ ಹಾಕಿದರೆ ಸಾಕು, ಓಡುತ್ತದೆ’ ಎಂಬುದಕ್ಕಿಂತ ಹೆಚ್ಚು ಸಲ ಹೇಳಲಾದ ಸುಳ್ಳು ಮತ್ತೊಂದಿರಲಾರದು. ಹಾಗೆ ಹೇಳುವವರಲ್ಲಿ ಬಹುಪಾಲು ಜನ ಅದನ್ನು ನಿಜವೆಂದೇ ನಂಬಿರುತ್ತಾರೆ ಎಂಬುದು ವಿಷಾದದ ಸಂಗತಿ.

ಗಡಿ ದಾಟಿ ಬಂದವು

ನಮ್ಮ ಮನೆಗಳಿಗೆ ಈ ವಾಚುಗಳು ಬಂದ ಬಗೆಯನ್ನು ಅರಿಯದೆ ಅವುಗಳ ಮಾರಾಟದ ತೊಡಕು ಅರ್ಥವಾಗದು. 1961ರ ಡಿಸೆಂಬರ್‌ವರೆಗೆ ಗೋವೆ ಪೋರ್ಚುಗೀಸರ ಅಧೀನದಲ್ಲಿತ್ತು. ಅನಮೋಡ ಮತ್ತು ಕ್ಯಾಸಲ್‌ರಾಕ್ ಎರಡೂ ಆಗ ಅಂತಾರಾಷ್ಟ್ರೀಯ ಗಡಿ. ಚಿನ್ನ, ಮದ್ಯ, ವಿದೇಶಿ ಕೈಗಡಿಯಾರಗಳು ಈ ಕಾಡುದಾರಿಗಳಲ್ಲಿ ಕದ್ದು ಘಟ್ಟ ಹತ್ತುತ್ತಿದ್ದ ಕಾಲವದು. ಗೋವೆ ವಿಮೋಚನೆಯಾದ ಮೇಲೆ ಗಡಿ ಅಳಿಸಿತು. ಆದರೆ ವಿದೇಶಿ ವಾಚಿನ ಮೇಲಿನ ಆಸೆ ಅಳಿಯಲಿಲ್ಲ. ಆಮದಿಗೆ ಕಟ್ಟುನಿಟ್ಟಿನ ನಿರ್ಬಂಧವಿದ್ದ ದಶಕಗಳಲ್ಲಿ ಸೀಕೊ, ಸಿಟಿಜನ್, ಕ್ಯಾಸಿಯೊ ವಾಚುಗಳು ಬಂದದ್ದು ಹೆಚ್ಚಾಗಿ ಜನರ ಮಣಿಕಟ್ಟಿನ ಮೇಲೆಯೇ: ಹಡಗಿನಲ್ಲಿ ದುಡಿದು ಬಂದ ಗೋವೆಯವರು, ಕೊಲ್ಲಿ ರಾಷ್ಟ್ರಗಳಿಂದ ರಜೆಗೆ ಬಂದ ಭಟ್ಕಳ, ಮಂಗಳೂರು ಕಡೆಯವರು. ಇದೇ ಉತ್ತರ ಕನ್ನಡ ಜಿಲ್ಲೆಯ ಭಟ್ಕಳದ ಪೇಟೆ ವಿದೇಶಿ ಸಾಮಾನುಗಳಿಗೆ ಹೆಸರಾದದ್ದು ಹೀಗೆ.

ಬೆಂಗಳೂರಿನವರಿಗೆ ಸಿಟಿಜನ್ ಎಂಬ ಹೆಸರು ಹೊಸತಾಗಿರಲಿಲ್ಲ. 1961ರಲ್ಲಿ ಎಚ್‌ಎಂಟಿಯ ಕೈಗಡಿಯಾರ ಕಾರ್ಖಾನೆ ಬೆಂಗಳೂರಿನಲ್ಲಿ ಆರಂಭವಾದದ್ದು ಜಪಾನಿನ ಆ ಕಂಪೆನಿಯ ಸಹಯೋಗದಲ್ಲಿಯೇ. ಅದೇ ಸಿಟಿಜನ್ 1976ರಲ್ಲಿ ‘ಕ್ರಿಸ್ಟ್ರಾನ್ ಸೋಲಾರ್ ಸೆಲ್’ ಎಂಬ ವಾಚನ್ನು ಹೊರತಂದಿತು. ಮುಳ್ಳುಗಳುಳ್ಳ, ಬೆಳಕಿನಿಂದ ನಡೆಯುವ ಕೈಗಡಿಯಾರಗಳಲ್ಲಿ ಜಗತ್ತಿಗೇ ಅದು ಮೊದಲನೆಯದು. ಅಂಕಿ ತೋರಿಸುವ ಸೌರ ವಾಚು ಅದಕ್ಕೂ ಮುಂಚೆಯೇ ಅಮೆರಿಕೆಯಲ್ಲಿತ್ತು: ರೋಜರ್ ರೀಲ್ ಎಂಬುವರು ರೂಪಿಸಿದ ‘ಸಿಂಕ್ರೊನಾರ್’ 1970ರ ದಶಕದ ಮೊದಲ ವರ್ಷಗಳದ್ದು. ಅದರ ಒಳಯಂತ್ರವನ್ನು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಬಿಟ್ಟಿದ್ದರಿಂದ ಕೆಟ್ಟರೆ ತೆರೆಯುವುದೇ ಕಷ್ಟ. ನಂತರ 1995ರಲ್ಲಿ ಸಿಟಿಜನ್ನಿನ ‘ಇಕೋ-ಡ್ರೈವ್’, 1998ರಲ್ಲಿ ಕ್ಯಾಸಿಯೊದ ಮೊದಲ ಸೌರ ಜಿ-ಶಾಕ್ ಬಂದವು. ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಟೈಟಾನ್ ಕಂಪೆನಿಯೂ 2010ರ ದಶಕದ ಆರಂಭದಲ್ಲಿ ‘ಎಚ್‌ಟಿಎಸ್‌ಇ’ ಹೆಸರಿನಲ್ಲಿ ಬೆಳಕಿನ ವಾಚುಗಳನ್ನು ಮಾರಿತು.

ಈ ಚರಿತ್ರೆಯಿಂದ ಮಾರುವವರಿಗೆ ಉಳಿದ ಫಲ ಇಷ್ಟೇ: ನಮ್ಮಲ್ಲಿರುವ ಹಳೆಯ ಸೌರ ವಾಚುಗಳಲ್ಲಿ ಬಹಳಷ್ಟಕ್ಕೆ ಬಿಲ್ಲಿಲ್ಲ, ಪೆಟ್ಟಿಗೆಯಿಲ್ಲ, ಬಳಕೆಯ ಪುಸ್ತಕವಿಲ್ಲ. ಯಾವ ಸೆಲ್ ಹಾಕಬೇಕೆಂದು ತಿಳಿಸುವ ಕಾಗದವೂ ಇಲ್ಲ.

ಒಳಗಿರುವುದೇನು?

ಸೌರ ವಾಚು ಮೂಲತಃ ಮಾಮೂಲಿ ಕ್ವಾರ್ಟ್ಜ್ ವಾಚೇ. ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕ, ಆ ಕಂಪನವನ್ನು ಎಣಿಸುವ ಸರ್ಕ್ಯೂಟು, ತಾಮ್ರದ ತಂತಿ ಸುತ್ತಿದ ಕಾಯಿಲ್, ಅದರಿಂದ ತಿರುಗುವ ಪುಟ್ಟ ಮೋಟಾರು, ಹಲ್ಲುಚಕ್ರಗಳು. ವ್ಯತ್ಯಾಸವಿರುವುದು ಶಕ್ತಿಯ ಮೂಲದಲ್ಲಿ. ಡಯಲ್‌ನ ಮೇಲೋ ಕೆಳಗೋ ಇರುವ ಸಿಲಿಕಾನ್ ಫಲಕ ಬೆಳಕನ್ನು ವಿದ್ಯುತ್ತಾಗಿಸುತ್ತದೆ. ಆ ವಿದ್ಯುತ್ತು ಮರುಚಾರ್ಜ್ ಆಗುವ ಸೆಲ್ಲಿನಲ್ಲಿ ಸಂಗ್ರಹವಾಗುತ್ತದೆ. ವಾಚು ನಡೆಯುವುದು ಆ ಸಂಗ್ರಹದಿಂದ.

1970ರ ದಶಕದ ವಾಚುಗಳಲ್ಲಿ ಫಲಕಗಳು ಡಯಲ್ ಮೇಲೆಯೇ ಕಪ್ಪು-ನೀಲಿ ತುಂಡುಗಳಾಗಿ ಎದ್ದು ಕಾಣುತ್ತವೆ. ಇಕೋ-ಡ್ರೈವ್ ಕಾಲದಿಂದೀಚೆಗೆ ಫಲಕ ಅರೆಪಾರದರ್ಶಕ ಡಯಲ್‌ನ ಕೆಳಗೆ ಅಡಗಿತು. ನೋಡಿದವರಿಗೆ ಅದು ಸೌರ ವಾಚು ಎಂದೇ ತಿಳಿಯುವುದಿಲ್ಲ. ಇದಕ್ಕೆ ತದ್ವಿರುದ್ಧವಾದ ವಂಚನೆಯೂ ಇತ್ತು. ಸೌರಶಕ್ತಿಯ ಹೆಸರಿಗೆ ಬೆಲೆಯಿದ್ದ ದಿನಗಳಲ್ಲಿ ಅಗ್ಗದ ಅಂಕಿ ವಾಚುಗಳ ಮುಖಕ್ಕೆ ಫಲಕದಂತೆ ಕಾಣುವ ಬಣ್ಣದ ಪಟ್ಟಿಯನ್ನಷ್ಟೇ ಅಂಟಿಸಿ ಮಾರಿದ್ದುಂಟು. ಒಳಗಿರುವುದು ಸಾಧಾರಣ ಸೆಲ್. ಪಟ್ಟಿಗೂ ಅದಕ್ಕೂ ಸಂಬಂಧವಿಲ್ಲ. ಮುಖದ ಮೇಲೆ ‘ಸೋಲಾರ್’ ಎಂದು ಬರೆದಿದೆ ಎಂಬ ಕಾರಣಕ್ಕೆ ಸೌರ ವಾಚೆಂದು ವಿವರಿಸಿ ಮಾರುವವರು ಇದನ್ನು ನೆನಪಿಡಬೇಕು. ಸೀಕೊದ ‘ಕೈನೆಟಿಕ್’ ವಾಚುಗಳನ್ನೂ ಸೌರ ವಾಚೆಂದು ತಪ್ಪು ತಿಳಿಯುವವರಿದ್ದಾರೆ. ಅವು ಕೈಯ ಚಲನೆಯಿಂದ ಚಾರ್ಜ್ ಆಗುವಂಥವು, ಬೆಳಕಿನಿಂದಲ್ಲ.

ಹಸಿವೋ, ಸಾವೋ

ಮಾರುವ ಮುನ್ನ ಮಾಡಬೇಕಾದ ಮೊದಲ ಪರೀಕ್ಷೆಗೆ ಖರ್ಚಿಲ್ಲ. ವಾಚಿನ ಮುಖ ಮೇಲೆ ಮಾಡಿ ಬೆಳಕಿಗೆ ಇಡಬೇಕು. ಎಷ್ಟು ಬೆಳಕು ಎಂಬಲ್ಲಿ ಜನರ ಅಂದಾಜು ತಪ್ಪುತ್ತದೆ. ತಯಾರಕರು ತಮ್ಮ ಪುಸ್ತಕಗಳಲ್ಲಿ ಕೊಡುವ ಲೆಕ್ಕ ಹೀಗಿದೆ: ಸಾಮಾನ್ಯ ಕಚೇರಿಯೊಳಗಿನ ಬೆಳಕು ಸುಮಾರು 500 ಲಕ್ಸ್, ಮೋಡ ಕವಿದ ದಿನದ ಹೊರಾಂಗಣ ಸುಮಾರು 10,000 ಲಕ್ಸ್, ಬೇಸಿಗೆಯ ನೇರ ಬಿಸಿಲು ಸುಮಾರು 1,00,000 ಲಕ್ಸ್. ಅಂದರೆ ಮೋಡದ ದಿನವೂ ಅಂಗಳದಲ್ಲಿರುವ ಬೆಳಕು ಕಚೇರಿಯ ಟ್ಯೂಬ್‌ಲೈಟಿಗಿಂತ ಇಪ್ಪತ್ತು ಪಟ್ಟು. ಅನಮೋಡದ ವಾಚನ್ನು ನಿಲ್ಲಿಸಿದ್ದು ಮಳೆಗಾಲವಲ್ಲ, ಟ್ರಂಕು ಎಂದು ಹೇಳಬಹುದು. ಇಡೀ ದಿನ ಉದ್ದತೋಳಿನ ಅಂಗಿಯೊಳಗೆ ವಾಚು ಕಟ್ಟಿಕೊಂಡು ಹವಾನಿಯಂತ್ರಿತ ಕೊಠಡಿಯಲ್ಲಿ ಕೂರುವ ಬೆಂಗಳೂರಿನ ಉದ್ಯೋಗಿಯ ವಾಚೂ ಇದೇ ರೀತಿ ಹಸಿದು ನಿಲ್ಲುತ್ತದೆ.

ಪೂರ್ತಿ ಬರಿದಾದ ವಾಚಿಗೆ ಅರ್ಧ ಗಂಟೆಯ ಬೆಳಕು ಸಾಲದು. ಕಿಟಕಿಯ ಬಳಿ, ಬೆಳಗಿನ ಹದವಾದ ಬೆಳಕಿನಲ್ಲಿ ಮೂರು-ನಾಲ್ಕು ದಿನವಾದರೂ ಇಟ್ಟು ನೋಡಬೇಕು. ಮನೆಯೊಳಗಿನ ದೀಪವನ್ನೇ ನೆಚ್ಚಿದರೆ ಹಲವು ಮಾದರಿಗಳಿಗೆ ನೂರು ಗಂಟೆಯೂ ಸಾಲದು. ಹಾಗೆಂದು ಕಾರಿನ ಮುಂಗಾಜಿನ ಕೆಳಗೆ ಅಥವಾ ಉರಿಬಿಸಿಲಿನ ತಗಡಿನ ಮೇಲೆ ಇಡಕೂಡದು. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದರೆ ಯಂತ್ರಕ್ಕೂ ಸೆಲ್ಲಿಗೂ ಹಾನಿ ಎಂದು ತಯಾರಕರೇ ಎಚ್ಚರಿಸಿದ್ದಾರೆ. ಉರಿಯುವ ಹಳೆಯ ಬಲ್ಬಿನ ಬಾಯಿಗೆ ಹಿಡಿಯುವುದೂ ಅಷ್ಟೇ ತಪ್ಪು.

ಈ ನಾಲ್ಕು ದಿನಗಳಲ್ಲಿ ವಾಚು ಏನು ಮಾಡಿತು ಎಂಬುದೇ ಅದರ ರೋಗಲಕ್ಷಣ. ಸೆಕೆಂಡಿನ ಮುಳ್ಳು ಎರಡು ಸೆಕೆಂಡಿಗೊಮ್ಮೆ ಎರಡೆರಡು ಗೀಟು ಹಾರುತ್ತಿದ್ದರೆ ಅದು ಕಾಯಿಲೆಯಲ್ಲ. ‘ಚಾರ್ಜ್ ಸಾಲದು’ ಎಂದು ಹೇಳಲು ಸಿಟಿಜನ್, ಸೀಕೊ ಮುಂತಾದವು ಬಳಸುವ ಸಂಕೇತವದು. ಬೆಳಕಿನಲ್ಲಿ ನಡೆದು, ರಾತ್ರಿ ಕತ್ತಲಾದೊಡನೆ ನಿಂತುಬಿಟ್ಟರೆ ಫಲಕ, ಸರ್ಕ್ಯೂಟು, ಮೋಟಾರು ಎಲ್ಲವೂ ಸರಿಯಿವೆ, ಸೆಲ್ ಮಾತ್ರ ಹಿಡಿದಿಟ್ಟುಕೊಳ್ಳುತ್ತಿಲ್ಲ ಎಂದು ಬಹುಮಟ್ಟಿಗೆ ಹೇಳಬಹುದು. ಮಾರುವವರ ಪಾಲಿಗೆ ಇದು ಬಹಳ ಒಳ್ಳೆಯ ಸುದ್ದಿ. ಇಂಥ ವಾಚನ್ನು ‘ಬಿಡಿಭಾಗಕ್ಕೆ’ ಎಂದು ಕೊಡುವುದು ಹಾಲು ಕೊಡುವ ಹಸುವನ್ನು ಚರ್ಮದ ಬೆಲೆಗೆ ಕೊಟ್ಟಂತೆ. ನಾಲ್ಕು ದಿನದ ಬಳಿಕವೂ ಚಲನೆಯೇ ಇಲ್ಲದಿದ್ದರೆ ಮಾತ್ರ ಮುಚ್ಚಳ ತೆರೆಯುವ ಪ್ರಶ್ನೆ.

ಮುಚ್ಚಳವನ್ನು ಅಡುಗೆಮನೆಯ ಚಾಕುವಿನಿಂದ ಎಬ್ಬಿಸುವ ಸಾಹಸವನ್ನು ಯಾರೂ ಮಾಡದಿರುವುದು ಲೇಸು. ಗೀಚಿದ ಮುಚ್ಚಳ, ಹರಿದ ರಬ್ಬರ್ ಉಂಗುರ, ತುಂಡಾದ ಕಾಯಿಲ್ ತಂತಿ, ಇವೇ ಅದರ ಫಲ. ಕೂದಲಿಗಿಂತ ತೆಳ್ಳಗಿನ ಆ ತಂತಿಯ ಮೇಲೆ ಚಿಮುಟ ಒಂದು ಸಲ ಜಾರಿದರೂ ರಿಪೇರಿಗೆ ಯೋಗ್ಯವಾದ ವಾಚು ಬಿಡಿಭಾಗದ ವಾಚಾಗುತ್ತದೆ. ತಿಳಿದ ರಿಪೇರಿಯವರ ಕೈಗೆ ಕೊಟ್ಟರೆ ಅವರು ನೋಡುವುದು ಮೂರು ಸಂಗತಿ. ಸೆಲ್ ಸೋರಿ ಹಸಿರು-ಬಿಳಿ ಹುಡಿ ಕಟ್ಟಿದೆಯೇ? ಮೀಟರಿನಲ್ಲಿ ಕಾಯಿಲ್ ಒಂದೆರಡು ಸಾವಿರ ಓಮ್‌ನಷ್ಟು ತೋರಿಸುತ್ತದೆಯೋ, ಅಥವಾ ತಂತಿಯೇ ಕಡಿದು ಏನೂ ತೋರಿಸುವುದಿಲ್ಲವೋ? ಸೆಲ್ ತೆಗೆದು ಬೆಳಕಿಗೆ ಹಿಡಿದಾಗ ಫಲಕದಿಂದ ವೋಲ್ಟೇಜ್ ಬರುತ್ತಿದೆಯೇ? ಹತ್ತು ನಿಮಿಷದ ಈ ಪರೀಕ್ಷೆಗೆ ತಗಲುವ ಕೂಲಿಯನ್ನು ಕೊಟ್ಟು, ಅವರು ಹೇಳಿದ್ದನ್ನು ಬರೆದಿಟ್ಟುಕೊಂಡರೆ ಮಾರಾಟದ ವಿವರಣೆ ಅರ್ಧ ಸಿದ್ಧವಾದಂತೆ.

ಮಲೆನಾಡು ಹಾಗೂ ಕರಾವಳಿಯ ವಾಚುಗಳಿಗೆ ಇನ್ನೊಂದು ಪರೀಕ್ಷೆ ಅಗತ್ಯ. ಹಳೆಯ ರಬ್ಬರ್ ಉಂಗುರ ಕಲ್ಲಿನಂತೆ ಗಟ್ಟಿಯಾಗಿ ತೇವವನ್ನು ಒಳಬಿಡುತ್ತದೆ. ಗಾಜಿನ ಒಳಮೈಯಲ್ಲಿ ಮಂಜು, ಮುಳ್ಳಿನ ಮೇಲೆ ತುಕ್ಕಿನ ಚುಕ್ಕೆ, ಡಯಲ್ ಅಂಚಿನಲ್ಲಿ ಬೂಷ್ಟು ಕಂಡರೆ ಅದನ್ನು ಮರೆಮಾಡದೆ ಹತ್ತಿರದಿಂದ ಫೋಟೋ ತೆಗೆಯಬೇಕು. ಅಂಕಿ ವಾಚಾದರೆ ಪರದೆಯ ಮೇಲೆ ಕಪ್ಪು ಮಸಿ ಹರಡಿದೆಯೇ ನೋಡಬೇಕು. ಹರಡಿದ್ದರೆ ಆ ಪರದೆ ಮತ್ತೆ ಸರಿಹೋಗದು.

ಹಾಕಬಾರದ ಸೆಲ್

ಈ ವಾಚುಗಳನ್ನು ಕಾಲಕ್ಕಿಂತ ಹೆಚ್ಚಾಗಿ ಕೆಡಿಸಿರುವುದು ತಪ್ಪು ಸೆಲ್. ಸೌರ ವಾಚಿನ ಮರುಚಾರ್ಜ್ ಸೆಲ್ ಗಾತ್ರದಲ್ಲಿ ಸಾಮಾನ್ಯ ಸೆಲ್ಲಿನಂತೆಯೇ ಇರುತ್ತದೆ. ಸಿಟಿಜನ್ ಮೊದಲಾದವುಗಳಲ್ಲಿ ಬಳಕೆಯಾಗುವ ಎಂಟಿ 920 ಎಂಬ ಸೆಲ್ಲಿಗೂ ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಸ್‌ಆರ್ 920ಕ್ಕೂ ವ್ಯಾಸದಲ್ಲಿ ವ್ಯತ್ಯಾಸವಿಲ್ಲ. ಮೊದಲನೆಯದು 1.5 ವೋಲ್ಟ್, ಎರಡನೆಯದು 1.55 ವೋಲ್ಟ್. ಕ್ಯಾಸಿಯೊದ ಸೌರ ವಾಚುಗಳ ಸಿಟಿಎಲ್ 1616 ಸೆಲ್ಲಿನ ಜಾಗದಲ್ಲಿ ಸಿಆರ್ 1616 ಕೂಡ ಕೂರುತ್ತದೆ. ಆದರೆ ಮೊದಲನೆಯದು 2.3 ವೋಲ್ಟ್, ಎರಡನೆಯದು 3 ವೋಲ್ಟ್. ಕೂರುತ್ತದೆ ಎಂದು ಕೂರಿಸುತ್ತಾರೆ. ವಾಚು ಅಂದೇ ಓಡುತ್ತದೆ, ಗಿರಾಕಿ ಸಂತೋಷದಿಂದ ಹೋಗುತ್ತಾನೆ. ಆದರೆ ಫಲಕ ತನ್ನ ಕೆಲಸ ಬಿಡುವುದಿಲ್ಲ. ಚಾರ್ಜ್ ಆಗಬಾರದ ಸೆಲ್ಲಿಗೆ ದಿನವೂ ವಿದ್ಯುತ್ತು ತುಂಬುತ್ತ ಹೋಗುತ್ತದೆ. ಸೆಲ್ ಉಬ್ಬಬಹುದು, ಸೋರಬಹುದು, ಒಡೆಯಲೂಬಹುದು.

ಈ ವರದಿಗಾರನ ಮನೆಯಲ್ಲಿ ಸೋದರಮಾವ ಕೊಲ್ಲಿಯಿಂದ ತಂದ ವಾಚೊಂದು ಹೀಗೆಯೇ ಹೋಯಿತು. ಪೇಟೆಯ ಅಂಗಡಿಯೊಂದರಲ್ಲಿ ಐದು ನಿಮಿಷದಲ್ಲಿ ಸೆಲ್ ಬದಲಾಯಿತು. ಮುಂದಿನ ವರ್ಷ ತೆರೆದಾಗ ಸರ್ಕ್ಯೂಟಿನ ತಾಮ್ರದ ಗೆರೆಗಳೇ ಕರಗಿದ್ದವು. ಅಂಗಡಿಯವರು ಕೆಟ್ಟವರೆಂದಲ್ಲ. ಮಾಮೂಲಿ ವಾಚುಗಳ ನಡುವೆ ಅದೊಂದು ಬೇರೆ ಜಾತಿಯದೆಂದು ನಾವೂ ಹೇಳಲಿಲ್ಲ, ಅವರೂ ಕೇಳಲಿಲ್ಲ.

ಆದ್ದರಿಂದ ಮಾರುವವರು ತಮ್ಮ ವಾಚಿಗೆ ಎಂದಾದರೂ ಸೆಲ್ ಬದಲಾಯಿಸಿದ್ದುಂಟೇ ಎಂಬುದನ್ನು ತಪ್ಪದೆ ತಿಳಿಸಬೇಕು. ಕೊಳ್ಳುವವರು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ. ‘ಎಂದೂ ತೆರೆದಿಲ್ಲ’ ಎಂಬುದು ಬಲ್ಲವರ ಕಣ್ಣಿನಲ್ಲಿ ‘ಈಚೆಗೆ ಹೊಸ ಸೆಲ್ ಹಾಕಿಸಿದೆ’ ಎಂಬುದಕ್ಕಿಂತ ಹೆಚ್ಚು ಬೆಲೆಯ ಮಾತು. ಈಗಾಗಲೇ ಸಾಮಾನ್ಯ ಸೆಲ್ ಹಾಕಿದ್ದರೆ ಅದನ್ನು ಮಾರುವ ಮೊದಲೇ ತೆಗೆಸಿ, ತೆಗೆಸಿರುವುದನ್ನು ವಿವರಣೆಯಲ್ಲಿ ಬರೆಯುವುದು ಕ್ಷೇಮ.

ಬೆನ್ನಿನ ಬರಹ

ವಾಚಿನ ಜಾತಕ ಇರುವುದು ಅದರ ಬೆನ್ನಿನಲ್ಲಿ. ಸೀಕೊ ವಾಚುಗಳ ಮುಚ್ಚಳದ ಮೇಲೆ ನಡುವೆ ಅಡ್ಡಗೆರೆಯುಳ್ಳ ಎರಡು ಗುಂಪಿನ ಸಂಖ್ಯೆ ಇರುತ್ತದೆ. ಮೊದಲ ನಾಲ್ಕು ಅಕ್ಷರ ಒಳಯಂತ್ರದ್ದು, ನಂತರದ ನಾಲ್ಕು ಕವಚದ್ದು. ಬೇರೆಯಾಗಿ ಕೊರೆದ ಕ್ರಮಸಂಖ್ಯೆಯ ಮೊದಲ ಅಂಕಿ ದಶಕದೊಳಗಿನ ವರ್ಷವನ್ನೂ ಎರಡನೆಯದು ತಿಂಗಳನ್ನೂ ಸೂಚಿಸುತ್ತದೆ. ಅಕ್ಟೋಬರಿಗೆ ಸೊನ್ನೆ, ನವೆಂಬರಿಗೆ ‘ಎನ್’, ಡಿಸೆಂಬರಿಗೆ ‘ಡಿ’. ಹಳೆಯ ಸಿಟಿಜನ್ ವಾಚುಗಳಲ್ಲಿ ಮೊದಲ ಅಂಕಿ ವರ್ಷಕ್ಕೆ, ನಂತರದ ಎರಡು ತಿಂಗಳಿಗೆ: 605 ಎಂದು ಆರಂಭವಾದರೆ 1976ರ ಮೇ ಆಗಿರಬಹುದು, 1986ರದ್ದೂ ಆಗಿರಬಹುದು. ಯಾವ ದಶಕವೆಂಬುದನ್ನು ಮಾದರಿ ನೋಡಿ ನಿರ್ಧರಿಸಬೇಕು. ಕ್ಯಾಸಿಯೊದಲ್ಲಿ ಚಿಕ್ಕ ಚೌಕದೊಳಗಿನ ಸಂಖ್ಯೆಯೇ ಒಳಯಂತ್ರದ ಗುರುತು.

ಈ ಸಂಖ್ಯೆಗಳ ಸ್ಪಷ್ಟ ಫೋಟೋ ಒಂದು ಪುಟದ ವರ್ಣನೆಗಿಂತ ಉಪಯುಕ್ತ. ಯಾವ ಸೆಲ್ ಬೇಕು, ಬೇರಾವ ಮಾದರಿಯ ಭಾಗಗಳು ಇದಕ್ಕೆ ಕೂರುತ್ತವೆ ಎಂಬುದನ್ನು ಕೊಳ್ಳುವವರು ಅದರಿಂದಲೇ ಅರಿಯುತ್ತಾರೆ. ‘ಅಪರೂಪದ್ದು’, ‘ಅಜ್ಜನ ಕಾಲದ್ದು’ ಎಂಬ ವಿಶೇಷಣಗಳಿಗೆ ಅವರು ದುಡ್ಡು ಕೊಡುವುದಿಲ್ಲ.

ಬಿಡಿಯಾದರೆ ಏನು ಬೆಲೆ

ಸತ್ತ ವಾಚನ್ನೂ ಜನ ಏಕೆ ಕೊಳ್ಳುತ್ತಾರೆ ಎಂಬುದಕ್ಕೆ ಉತ್ತರ ನಮ್ಮ ಎಚ್‌ಎಂಟಿಯ ಕಥೆಯಲ್ಲಿದೆ. ಎಚ್‌ಎಂಟಿ ವಾಚಸ್ ಕಂಪೆನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರ ಜನವರಿಯಲ್ಲಿ ಒಪ್ಪಿಗೆ ನೀಡಿತು. ಅಂದಿನಿಂದ ಒಂದು ಹಳೆಯ ವಾಚನ್ನು ಬದುಕಿಸಬೇಕಾದರೆ ಮತ್ತೊಂದು ಹಳೆಯ ವಾಚನ್ನು ಬಿಚ್ಚುವುದೇ ರಿಪೇರಿಯವರಿಗೆ ಉಳಿದ ಮಾರ್ಗ. 1970-80ರ ದಶಕಗಳ ಸೌರ ವಾಚುಗಳ ಸ್ಥಿತಿಯೂ ಅದೇ. ಸೆಲ್ ಸಿಕ್ಕೀತು, ಗಾಜು ಸಿಕ್ಕೀತು. ಸರ್ಕ್ಯೂಟು ಮತ್ತು ಫಲಕ ಸಿಗುವುದು ಇನ್ನೊಂದು ವಾಚಿನ ಹೊಟ್ಟೆಯಿಂದ ಮಾತ್ರ.

ಹಾಗಾಗಿ ಹಳೆಯ ಮಾದರಿಗಳಲ್ಲಿ ಎಲ್ಲಕ್ಕಿಂತ ಬೆಲೆಬಾಳುವುದು ಬಿರುಕಿಲ್ಲದ ಡಯಲ್. ಅಲ್ಲಿ ಡಯಲ್ಲೇ ಫಲಕ, ಫಲಕವೇ ಡಯಲ್. ಅದು ಸೀಳಿದರೆ ಅಂದವೂ ಹೋಯಿತು, ಶಕ್ತಿಯೂ ಹೋಯಿತು. ನಂತರ ಕಡಿಯದ ಕಾಯಿಲ್ ಮತ್ತು ಸೋರಿಕೆಯಿಲ್ಲದ ಸರ್ಕ್ಯೂಟು. ಬಳಿಕ ಕಂಪೆನಿಯ ಹೆಸರು ಕೊರೆದ ಮೂಲ ಚೈನು. ಚೈನಿನ ಕೊಂಡಿಗಳನ್ನು ಕಳಚಿ ಸಣ್ಣದು ಮಾಡಿಸಿದ್ದರೆ ಆ ಕೊಂಡಿಗಳು ಮನೆಯ ಯಾವುದೋ ಡಬ್ಬಿಯಲ್ಲಿರುತ್ತವೆ, ಹುಡುಕಿ ಜೊತೆಗೆ ಕೊಡಬೇಕು. ಕವಚ, ಮುಳ್ಳು, ಕೀಲಿ ಕೊನೆಯ ಸಾಲಿನವು. ಗಾಜಿನ ಗೀರಿಗೆ ಅಂಜಬೇಕಿಲ್ಲ.

ಮಾರುವ ಮುನ್ನ ಉಜ್ಜಿ ಹೊಳಪು ಕೊಡಿಸುವುದು, ಡಯಲ್‌ಗೆ ಬಣ್ಣ ಹಾಕಿಸುವುದು ಹಣ ದಂಡ. ಬಣ್ಣ ಬಳಿದ ಡಯಲ್‌ಗಳ ಎಚ್‌ಎಂಟಿ ವಾಚುಗಳು ಹಳೆಯ ವಾಚಿನ ಪೇಟೆಯಲ್ಲಿ ತುಂಬಿರುವುದರಿಂದ ಬಲ್ಲ ಗಿರಾಕಿ ಹೊಳಪು ಕಂಡರೆ ಹಿಂದೆ ಸರಿಯುತ್ತಾನೆ. ಸೌರ ಡಯಲ್‌ಗೆ ಬಣ್ಣ ಬಳಿದರಂತೂ ಅದರ ಕಣ್ಣನ್ನೇ ಮುಚ್ಚಿದಂತೆ.

ಬೆಂಗಳೂರಿನ ಭಾನುವಾರದ ಚೋರ್ ಬಜಾರಿನಂಥ ಕಡೆ ನಿಂತ ವಾಚುಗಳು ರಾಶಿಯಲ್ಲಿ ಹೋಗುತ್ತವೆ. ರಾಶಿಯ ಬೆಲೆಯೇ ಸಿಗುತ್ತದೆ. ಸಂಗ್ರಾಹಕರಿಗೋ ಅದೇ ಮಾದರಿಯನ್ನು ರಿಪೇರಿ ಮಾಡುತ್ತಿರುವವರಿಗೋ ನೇರವಾಗಿ ಮಾರಿದರೆ ಮೇಲು. ಆದರೆ ಅವರು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವ ತಾಳ್ಮೆ ಬೇಕು.

ಮೌನವೂ ಮಾತಾಗಬಹುದು

ಕೆಟ್ಟ ವಾಚಿನ ಮಾರಾಟದಲ್ಲಿ ಕಾನೂನಿಗೇನು ಕೆಲಸ ಎಂದು ಓದುಗರು ಕೇಳಬಹುದು. 1930ರ ಸರಕುಗಳ ಮಾರಾಟ ಕಾಯ್ದೆಯ 16ನೇ ಕಲಮಿನ ಪ್ರಕಾರ, ಅಂಥ ಸರಕಿನ ವ್ಯಾಪಾರಿಯಲ್ಲದ ಗೃಹಸ್ಥರು ತಮ್ಮ ಹಳೆಯ ವಸ್ತುವನ್ನು ಮಾರಿದಾಗ ಅದರ ಗುಣಮಟ್ಟಕ್ಕೆ ಸಾಮಾನ್ಯವಾಗಿ ತಾನಾಗಿಯೇ ಖಾತರಿ ಹುಟ್ಟುವುದಿಲ್ಲ. ಆದರೆ ಅದರ ಹಿಂದಿನ 15ನೇ ಕಲಮು ಎಲ್ಲರಿಗೂ ಅನ್ವಯ: ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ತಕ್ಕಂತಿರಬೇಕು. ‘ನಿಂತಿದೆ, ಪರೀಕ್ಷಿಸಿಲ್ಲ’ ಎಂದವರು ನಿಶ್ಚಿಂತರು. ‘ಯಂತ್ರ ಸರಿಯಿದೆ, ಸೆಲ್ ಮಾತ್ರ ಹೋಗಿದೆ’ ಎಂದವರು ಆ ಮಾತಿಗೆ ಬದ್ಧರು.

ಹೇಳದೆ ಸುಮ್ಮನಿದ್ದರೆ? 1872ರ ಕರಾರು ಕಾಯ್ದೆಯ 17ನೇ ಕಲಮು ಇದನ್ನು ಕುದುರೆಯ ಉದಾಹರಣೆಯಿಂದ ವಿವರಿಸುತ್ತದೆ. ರೋಗಿಷ್ಠ ಕುದುರೆಯನ್ನು ಹರಾಜಿನಲ್ಲಿ ಮಾರುವವನು ರೋಗದ ಬಗ್ಗೆ ಸುಮ್ಮನಿದ್ದರೆ ಅದಷ್ಟೇ ವಂಚನೆಯಲ್ಲ. ಆದರೆ ಕೊಳ್ಳುವವನು ‘ನೀನು ಅಲ್ಲವೆನ್ನದಿದ್ದರೆ ಕುದುರೆ ಸರಿಯಿದೆಯೆಂದು ತಿಳಿಯುತ್ತೇನೆ’ ಎಂದು ಹೇಳಿದ ಮೇಲೂ ಮಾರುವವನು ಸುಮ್ಮನಿದ್ದರೆ ಆ ಮೌನ ಮಾತಿಗೆ ಸಮ. ಕುದುರೆಯ ಜಾಗದಲ್ಲಿ ವಾಚನ್ನಿಟ್ಟು ಓದಿದರೆ ಸಾಕು. ಸೆಲ್ ಸೋರಿದೆಯೇ ಎಂದು ಕೇಳಿದ ಸಂದೇಶಕ್ಕೆ ಉತ್ತರಿಸದೆ ಹಣ ಪಡೆಯುವುದು ಸುರಕ್ಷಿತವಲ್ಲ.

ಗೋವೆಯ ಗಡಿಯ ಈ ಊರಿನಿಂದ ಬರೆಯುವಾಗ ಇನ್ನೊಂದು ಕಾಯ್ದೆಯನ್ನು ಹೇಳದಿರಲಾಗದು. 1962ರ ಸೀಮಾಸುಂಕ ಕಾಯ್ದೆಯ 123ನೇ ಕಲಮು ಚಿನ್ನದ ಜೊತೆಗೆ ಹೆಸರೆತ್ತಿ ಹೇಳುವ ಇನ್ನೊಂದು ವಸ್ತು ಕೈಗಡಿಯಾರ. ಕಳ್ಳಸಾಗಣೆಯದೆಂಬ ಸಕಾರಣ ನಂಬಿಕೆಯಿಂದ ಅಧಿಕಾರಿಗಳು ವಾಚನ್ನು ವಶಪಡಿಸಿಕೊಂಡರೆ, ಅಲ್ಲವೆಂದು ರುಜುವಾತುಪಡಿಸುವ ಹೊಣೆ ಅದನ್ನು ಇಟ್ಟುಕೊಂಡಿದ್ದವರದು. ಆ ಮಾತು ಇಂದಿಗೂ ಕಾಯ್ದೆಯಲ್ಲಿದೆ. ಮಾವ ತಂದ ಒಂದು ನಿಂತ ವಾಚಿಗಾಗಿ ಯಾರೂ ನಿದ್ದೆಗೆಡಬೇಕಾಗಿಲ್ಲ. ಆದರೆ ಬಿಲ್ಲಿಲ್ಲದ ವಿದೇಶಿ ವಾಚುಗಳನ್ನು ಡಜನ್‌ಗಟ್ಟಲೆ ಕೊಂಡು ತರುವವರು ಯಾರಿಂದ, ಯಾವಾಗ, ಎಷ್ಟಕ್ಕೆ ಕೊಂಡೆವೆಂಬ ಚೀಟಿ ಇಟ್ಟುಕೊಳ್ಳುವುದು ವಿವೇಕ. ಹಳೆಯ ವಸ್ತುಗಳ ವ್ಯಾಪಾರವನ್ನೇ ಮಾಡುವವರಿಗೆ ಜಿಎಸ್‌ಟಿ ನಿಯಮಗಳೂ ಅನ್ವಯಿಸುತ್ತವೆ. ಮನೆಯ ಒಂದು ವಾಚನ್ನು ಮಾರುವವರು ಆ ಗುಂಪಿಗೆ ಸೇರುವುದಿಲ್ಲ.

ಹಣ, ರವಾನೆ

ಹಣ ಪಡೆಯಲು ಯುಪಿಐ ಪಿನ್ ಒತ್ತಬೇಕಿಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಬೇಕಿಲ್ಲ. ಹಾಗೆ ಮಾಡಿರೆಂದು ಹೇಳುವ ‘ಗಿರಾಕಿ’ ವಾಚು ಕೊಳ್ಳಲು ಬಂದವನಲ್ಲ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಕಳುಹಿಸುವಾಗ ಮುಖಕ್ಕೆ ಒತ್ತಡ ಬೀಳದಂತೆ ಗಟ್ಟಿ ಡಬ್ಬಿಯಲ್ಲಿಡಬೇಕು. ಕಾಗದದ ಲಕೋಟೆಯಲ್ಲಿ ಹೋದ ಹಳೆಯ ಸೌರ ಡಯಲ್ ಸೀಳುವುದುಂಟು. ಒಳಗೆ ಮರುಚಾರ್ಜ್ ಸೆಲ್ ಇದೆಯೆಂದು ಕೊರಿಯರ್‌ನವರಿಗೆ ತಿಳಿಸಬೇಕು. ತೆಗೆಸಿದ ಹಳೆಯ ಸೆಲ್ಲನ್ನು ಕಸದ ಬುಟ್ಟಿಗೆ ಎಸೆಯುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಬೇರೆ ಕಸದಿಂದ ಪ್ರತ್ಯೇಕಿಸಿ ಸಂಗ್ರಹಕ್ಕೆ ಕೊಡಬೇಕು. ಮಕ್ಕಳ ಕೈಗೆ ಸಿಗದಂತೆ ಇಡುವುದು ಅದಕ್ಕಿಂತ ಮುಖ್ಯ, ನುಂಗಿದರೆ ಪ್ರಾಣಾಪಾಯ.

ಇನ್ನು ವಿವರಣೆಯನ್ನು ಹೇಗೆ ಬರೆಯಬೇಕೆಂಬುದು. ಆರೇಳು ಸಾಲು ಸಾಕು. ಕೆಳಗಿನದು ಒಂದು ನಮೂನೆ ಮಾತ್ರ. ತಮ್ಮ ವಾಚಿಗೆ ತಕ್ಕಂತೆ ಬದಲಾಯಿಸಿಕೊಳ್ಳಬಹುದು.

‘ಮುಳ್ಳಿನ ಸೌರ ಕೈಗಡಿಯಾರ. ಫಲಕ ಡಯಲ್ ಮೇಲಿದೆ, ಬಿರುಕಿಲ್ಲ. ಬೆನ್ನಿನ ಸಂಖ್ಯೆಗಳ ಫೋಟೋ ಇದೆ. ಸುಮಾರು ಹತ್ತು ವರ್ಷ ಪೆಟ್ಟಿಗೆಯಲ್ಲಿತ್ತು. ಕಿಟಕಿಯ ಬೆಳಕಿನಲ್ಲಿ ನಾಲ್ಕು ದಿನ ಇಟ್ಟೆವು: ಹಗಲು ಎರಡು ಸೆಕೆಂಡಿಗೊಮ್ಮೆ ಹಾರುತ್ತ ನಡೆಯಿತು, ರಾತ್ರಿ ನಿಂತಿತು. ನಮ್ಮ ಬಳಿ ಇರುವಾಗ ಸೆಲ್ ಬದಲಾಯಿಸಿಲ್ಲ, ಮುಚ್ಚಳ ತೆರೆದಿಲ್ಲ; ಒಳಗೆ ಸೋರಿಕೆ ಇದೆಯೇ ಗೊತ್ತಿಲ್ಲ. ಆರು ಗಂಟೆಯ ಗುರುತಿನ ಬಳಿ ತೇವದ ಕಲೆ ಇದೆ, ಎರಡನೇ ಫೋಟೋದಲ್ಲಿ ಕಾಣುತ್ತದೆ. ಚೈನು ಮೂಲದ್ದು, ಕಳಚಿದ ಎರಡು ಕೊಂಡಿ ಜೊತೆಗಿವೆ. ಬಿಲ್ಲು ಇಲ್ಲ. ರಿಪೇರಿಗೆ ಅಥವಾ ಬಿಡಿಭಾಗಕ್ಕೆ.’